ಕುಪ್ಪಿಯ ನೀರು: ಗುಣ, ಬೆಲೆ, ಭವಿಷ್ಯ

ನೀರನ್ನು ಅಳೆದು ಮಾರುವುದು ನಮ್ಮ ಹಿರಿಯರು ಅರಿಯದ ವ್ಯಾಪಾರ. ಬಿಸಿಲಲ್ಲಿ ನಡೆದು ಬಂದವನಿಗೆ ಮೊದಲು ಕಾಲಿಗೆ ನೀರು, ಬಳಿಕ ಕುಡಿಯಲು ನೀರು ಮತ್ತು ಒಂದು ತುಂಡು ಬೆಲ್ಲ, ಅನಂತರವೇ ಬಂದ ಕಾರ್ಯವೇನೆಂಬ ವಿಚಾರಣೆ. ಇದು ಕಾಸರಗೋಡು ಸೀಮೆಯ ಮನೆಗಳ ಕ್ರಮ. ಅಂತಹ ಸೀಮೆಯಲ್ಲಿ ಇಂದು ಮದುವೆಯ ಊಟದಲ್ಲಿ ಬಾಳೆಯೆಲೆಗಿಂತ ಮೊದಲು ನೀರಿನ ಕುಪ್ಪಿ ಬಂದು ಕುಳಿತಿರುತ್ತದೆ. ರೈಲು ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ, ಸಭೆಯ ವೇದಿಕೆಯ ಮೇಲೆ ಎಲ್ಲೆಲ್ಲಿಯೂ ಅದೇ. ಇಪ್ಪತ್ತು ರೂಪಾಯಿಯ ಕುಪ್ಪಿಗೆ ಒಗ್ಗಿಹೋದ ನಮಗೆ ಈಗ ಅದರ ಮೇಲಿನ ಮೆಟ್ಟಿಲೊಂದನ್ನು ತೋರಿಸಲಾಗುತ್ತಿದೆ. ಗಾಜಿನ ಕುಪ್ಪಿ, ಬೆಟ್ಟದ ಚಿತ್ರ, ಚಿನ್ನದ ಬಣ್ಣದ ಅಕ್ಷರ, ನೂರು ರೂಪಾಯಿಗೂ ಮಿಕ್ಕಿದ ಬೆಲೆ. ಇದಕ್ಕೆ ಶ್ರೇಷ್ಠ ದರ್ಜೆಯ ನೀರು, ಅರ್ಥಾತ್ ಪ್ರೀಮಿಯಂ ನೀರು, ಎಂದು ಹೆಸರು.

ಈ ವಿಷಯವನ್ನು ವಾರ್ಷಿಕ ಸಂಚಿಕೆಯಲ್ಲಿ ಎತ್ತಿಕೊಳ್ಳಲು ಎರಡು ಕಾರಣಗಳುಂಟು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಇಂತಹ ಹೊಸ ನೀರೊಂದರ ಏಜೆನ್ಸಿಯನ್ನು ಹಿಡಿಯುವ ಯೋಚನೆಯಲ್ಲಿದ್ದಾರೆ. ಹೊರನಾಡಿನಲ್ಲಿ ದುಡಿದು ಉಳಿಸಿದ ಹಣವನ್ನು ಅದರಲ್ಲಿ ತೊಡಗಿಸಬಹುದೇ ಎಂದು ಕೇಳಿ, ನೋಡುವುದಕ್ಕೆಂದು ಒಂದು ಪೆಟ್ಟಿಗೆ ಕುಪ್ಪಿಗಳನ್ನು ತಂದುಕೊಟ್ಟರು. ಇದು ಮೊದಲನೆಯ ಕಾರಣ. ಎರಡನೆಯದು ಇದಕ್ಕಿಂತ ಗುರುತರವಾದುದು. ಸಂಘದ ಹಿತೈಷಿಗಳೊಬ್ಬರು, ಬಾವಿಯ ನೀರನ್ನು ಇನ್ನು ನಂಬಲಾಗದು, ಮಕ್ಕಳಿಗೆ ಕೊಂಡ ನೀರನ್ನೇ ಕೊಡತಕ್ಕದ್ದು ಎಂದು ಸೂಚಿಸಿದ್ದಾರೆ. ಒಬ್ಬರ ಜೀವಮಾನದ ಉಳಿತಾಯ, ಅನೇಕರ ಮಕ್ಕಳ ಆರೋಗ್ಯ; ಎರಡೂ ಹಗುರಾಗಿ ಉತ್ತರ ಹೇಳತಕ್ಕ ವಿಷಯಗಳಲ್ಲ. ಹೊಸ ನೀರಿನ ಹೆಸರನ್ನು ಇಲ್ಲಿ ಹೇಳಿಲ್ಲ. ಈ ಸಂಚಿಕೆ ಜಾಹೀರಾತಿನ ಹಲಗೆಯಲ್ಲ. ವಿಚಾರವೂ ಒಂದು ಹೆಸರಿಗೆ ಮಾತ್ರ ಸೇರಿದುದಲ್ಲ.

ಕುಪ್ಪಿಯ ನೀರಿನ ಪೂರ್ವಕಥೆ

ನೀರನ್ನು ಕುಪ್ಪಿಯಲ್ಲಿ ತುಂಬಿ ಮಾರುವ ರೂಢಿ ಯುರೋಪಿನ ಆರೋಗ್ಯಧಾಮಗಳಲ್ಲಿ ಬೆಳೆಯಿತು. ಆಲ್ಪ್ಸ್ ಪರ್ವತದ ಬುಡದ ಏವಿಯಾಂ ಎಂಬ ಊರಿನ ಒರತೆಯ ನೀರು ಮೂತ್ರಪಿಂಡದ ಬಾಧೆಗೆ ಒಳ್ಳೆಯದೆಂದು 1789ರ ಸುಮಾರಿಗೆ ಪ್ರಸಿದ್ಧಿಗೆ ಬಂದಿತು. ಫ್ರಾನ್ಸಿನ ದಕ್ಷಿಣದ ವೆರ್ಜೆಜ್ ಎಂಬಲ್ಲಿ ಪೆರಿಯೇ ಎಂಬ ವೈದ್ಯರ ವಶದಲ್ಲಿದ್ದ ನೊರೆನೀರಿನ ಒರತೆಯನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಾರ್ಮ್ಸ್‌ವರ್ತ್ ಎಂಬ ಆಂಗ್ಲ ಶ್ರೀಮಂತನು ಕೊಂಡು, ಅದೇ ವೈದ್ಯರ ಹೆಸರಿನಿಂದ ನೀರನ್ನು ಮಾರಿದನು. ಅಪಘಾತದಿಂದ ಕಾಲು ಸೋತಿದ್ದ ಆತನು ಭಾರತೀಯ ವ್ಯಾಯಾಮದ ಮುದ್ಗರಗಳನ್ನು ತಿರುಗಿಸಿ ಸಾಧನೆ ಮಾಡುತ್ತಿದ್ದನೆಂದೂ, ಪೆರಿಯೇ ಕುಪ್ಪಿಯ ಉಬ್ಬಿದ ಆಕಾರ ಆ ಮುದ್ಗರದಿಂದಲೇ ಬಂದಿತೆಂದೂ ಹೇಳುತ್ತಾರೆ. ನಮ್ಮ ಗರಡಿಮನೆಯ ಮರದ ತುಂಡು ಪ್ಯಾರಿಸ್ಸಿನ ಭೋಜನದ ಮೇಜಿಗೆ ಹೋದ ಬಗೆ ಇದು.

ಭಾರತದಲ್ಲಿ ಈ ವ್ಯಾಪಾರಕ್ಕೆ ಬುನಾದಿ ಹಾಕಿದ ಹೆಸರೂ ಪರದೇಶದ್ದೇ. ಇಟಲಿಯ ಫೆಲಿಚೆ ಬಿಸ್ಲೇರಿಯ ಹೆಸರನ್ನು ಹೊತ್ತ ನೀರು 1965ರಲ್ಲಿ ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ಗಾಜಿನ ಕುಪ್ಪಿಯಲ್ಲಿ ಕಾಣಿಸಿಕೊಂಡಾಗ, ನೀರನ್ನು ಯಾರು ಕೊಳ್ಳುತ್ತಾರೆಂದು ಜನ ನಕ್ಕರು. ಆ ನಗೆಗೆ ಅರ್ಥವಿಲ್ಲದಿರಲಿಲ್ಲ. 1969ರಲ್ಲಿ ಪಾರ್ಲೆಯ ಚೌಹಾಣ್ ಸಹೋದರರು ಅದನ್ನು ಕೊಂಡುಕೊಂಡದ್ದು ಕೇವಲ ನಾಲ್ಕು ಲಕ್ಷ ರೂಪಾಯಿಗೆ. ಅದೇ ಸಂಸ್ಥೆಯನ್ನು ಟಾಟಾ ಸಮೂಹವು ಕೊಳ್ಳುವ ಮಾತುಕತೆ 2022ರಲ್ಲಿ ನಡೆದಾಗ ಪತ್ರಿಕೆಗಳಲ್ಲಿ ಬಂದ ಬೆಲೆ ಸುಮಾರು ಏಳು ಸಾವಿರ ಕೋಟಿ. 2023ರ ಮಾರ್ಚಿನಲ್ಲಿ ಆ ಮಾತುಕತೆ ಮುರಿದುಬಿದ್ದಿತು. ಈ ನಡುವೆ 1999ರಲ್ಲಿ ಪೆಪ್ಸಿಯವರ ಆಕ್ವಾಫೀನಾ, 2000ದಲ್ಲಿ ಕೋಕಾ ಕೋಲಾದವರ ಕಿನ್ಲೇ, 2003ರಲ್ಲಿ ರೈಲ್ವೆಯವರ ರೈಲ್ ನೀರ್ ಬಂದವು. ಗಾಜು ಹೋಗಿ ಹಗುರವಾದ ಪ್ಲಾಸ್ಟಿಕ್ ಬಂದುದೇ ಈ ಹರಡುವಿಕೆಗೆ ಮುಖ್ಯ ಕಾರಣ. ಗಾಜಿನ ಕುಪ್ಪಿ ಶ್ರೀಮಂತರ ಮೇಜಿನಲ್ಲೇ ಉಳಿಯಿತು. ಪ್ಲಾಸ್ಟಿಕ್ ಕುಪ್ಪಿ ಬಸ್ಸಿನ ಕಿಟಕಿಯವರೆಗೂ ಬಂದಿತು.

ಎರಡು ಜಾತಿಯ ನೀರು

ಕುಪ್ಪಿಯ ನೀರೆಲ್ಲವನ್ನೂ ಜನರು "ಮಿನರಲ್ ವಾಟರ್" ಎನ್ನುವುದುಂಟು. ಅದು ಸರಿಯಲ್ಲ. ನಿಯಮದ ದೃಷ್ಟಿಯಲ್ಲಿ ಇವು ಎರಡು ಬೇರೆ ಬೇರೆ ಜಾತಿಗಳು.

ಮೊದಲನೆಯದು ಪ್ಯಾಕ್ ಮಾಡಿದ ಕುಡಿಯುವ ನೀರು. ಇದರ ಮೂಲ ಕೊಳವೆಬಾವಿಯೋ ನದಿಯೋ ಊರಿನ ನಲ್ಲಿಯೋ ಯಾವುದಾದರೂ ಆಗಬಹುದು. ಮರಳಿನಲ್ಲಿ ಸೋಸಿ, ಇದ್ದಲಿನ ಮೂಲಕ ಹರಿಸಿ, ಅತಿ ಸೂಕ್ಷ್ಮವಾದ ಪೊರೆಯ ಮೂಲಕ ಒತ್ತಡದಿಂದ ಹಾಯಿಸಿ ಅದರಲ್ಲಿ ಕರಗಿದ ಲವಣಗಳ ಬಹುಭಾಗವನ್ನು ತೆಗೆಯುತ್ತಾರೆ. ಅನಂತರ ಬೇಕಾದಷ್ಟು ಲವಣವನ್ನು ತಾವೇ ಸೇರಿಸಿ, ಅತಿನೇರಳೆ ಕಿರಣ ಹಾಗೂ ಓಜೋನ್ ಅನಿಲದಿಂದ ಕ್ರಿಮಿಗಳನ್ನು ನಾಶಮಾಡಿ ಮುಚ್ಚುತ್ತಾರೆ. ನೀರನ್ನು ಬಿಚ್ಚಿ ಪುನಃ ಕಟ್ಟಿದಂತೆ ಇದು. ಎರಡನೆಯದು ನೈಸರ್ಗಿಕ ಖನಿಜ ನೀರು. ಇದು ಗೊತ್ತಾದ ಒಂದೇ ಮೂಲದಿಂದ ಬರಬೇಕು; ಭೂಗರ್ಭದಲ್ಲಿ ಬಂಡೆಗಳ ಸಂಗದಿಂದ ಪಡೆದ ಲವಣಗಳನ್ನು ತೆಗೆಯಲೂ ಬಾರದು, ಸೇರಿಸಲೂ ಬಾರದು; ಮೂಲದ ಸಮೀಪದಲ್ಲೇ ತುಂಬಬೇಕು. ಭಾರತೀಯ ಮಾನಕಗಳಲ್ಲಿ ಮೊದಲನೆಯದಕ್ಕೆ 14543, ಎರಡನೆಯದಕ್ಕೆ 13428 ಎಂಬ ಸಂಖ್ಯೆಗಳಿವೆ. ಒಂದು ಲೀಟರಿನಲ್ಲಿ ಕರಗಿದ ಒಟ್ಟು ಲವಣವು ನೈಸರ್ಗಿಕ ಖನಿಜ ನೀರಿನಲ್ಲಿ 150ರಿಂದ 700 ಮಿಲಿಗ್ರಾಮಿನ ಒಳಗಿರಬೇಕು.

ಹಿಮಾಚಲ ಪ್ರದೇಶದ ಸಿರ್ಮೌರ್ ಜಿಲ್ಲೆಯ ಧೌಲಾ ಕುಆಂ ಎಂಬಲ್ಲಿಂದ ಬರುವ "ಹಿಮಾಲಯನ್" ಈ ಎರಡನೆಯ ಜಾತಿಗೆ ನಮ್ಮ ದೇಶದ ಪರಿಚಿತ ಉದಾಹರಣೆ. ಶ್ರೇಷ್ಠ ದರ್ಜೆಯೆಂದು ಮಾರುವ ನೀರುಗಳಲ್ಲಿ ಹಲವು ಈ ಜಾತಿಗೆ ಸೇರಿವೆ. ಆದರೆ ಎಲ್ಲವೂ ಅಲ್ಲ. ಕೆಲವು ಮೊದಲನೆಯ ಜಾತಿಯ ನೀರಿಗೇ ಅಂದವಾದ ಅಂಗಿ ತೊಡಿಸಿದವು. ಬೆಟ್ಟದ ಚಿತ್ರವಿದ್ದ ಮಾತ್ರಕ್ಕೆ ನೀರು ಬೆಟ್ಟದ್ದಾಗದು. ಚೀಟಿಯ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದ ಮಾತೇ ಪ್ರಮಾಣ.

ಪರೀಕ್ಷೆಯಲ್ಲಿ ಕಂಡುದು

ತಂದುಕೊಟ್ಟ ನೀರನ್ನು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಪರೀಕ್ಷಿಸಿದೆವು. ಮುಕ್ಕಾಲು ಲೀಟರಿನ ಆ ಕುಪ್ಪಿಯ ಬೆಲೆ 120 ರೂಪಾಯಿ. ಅದರ ಜೊತೆಗೆ ಇಪ್ಪತ್ತು ರೂಪಾಯಿಯ ಸಾಮಾನ್ಯ ಕುಪ್ಪಿಯ ನೀರು, ಶಾಲೆಯ ಬಾವಿಯ ನೀರನ್ನು ಕುದಿಸಿ ಆರಿಸಿದುದು, ಸಹೋದ್ಯೋಗಿಯೊಬ್ಬರು ಮನೆಯ ಸುರಂಗದಿಂದ ತಂದ ನೀರು, ಹೀಗೆ ನಾಲ್ಕನ್ನು ಒಂದು ರಾತ್ರಿ ಒಂದೇ ಕಡೆ ಇಟ್ಟೆವು. ಕಾರಣವೇನೆಂದರೆ, ತಣ್ಣಗಿನ ನೀರು ಯಾವಾಗಲೂ ರುಚಿಯೆನಿಸುತ್ತದೆ. ಶಾಖವು ಸಮನಾಗಿರದಿದ್ದರೆ ಪರೀಕ್ಷೆಗೆ ಬೆಲೆಯಿಲ್ಲ. ಒಂದೇ ತೆರನ ಲೋಟಗಳಲ್ಲಿ ಹೊಯ್ದು, ಅ, ಆ, ಇ, ಈ ಎಂದು ಗುರುತು ಹಾಕಿ, ಯಾವುದು ಯಾವುದೆಂದು ಹೇಳದೆ ಅಧ್ಯಾಪಕರಿಗೂ ಜವಾನರಿಗೂ ಕೊಟ್ಟೆವು.

ಎಲ್ಲರೂ ಗುರುತಿಸಿದ್ದು ಕುದಿಸಿ ಆರಿಸಿದ ನೀರೊಂದನ್ನೇ. ಅದು ಸಪ್ಪೆ. ನೀರನ್ನು ಕುದಿಸಿದಾಗ ಅದರಲ್ಲಿ ಕರಗಿದ ಗಾಳಿ ಹೊರಟುಹೋಗುವುದೇ ಇದಕ್ಕೆ ಕಾರಣ. ಎರಡು ಪಾತ್ರೆಗಳಲ್ಲಿ ಎತ್ತರದಿಂದ ಹೊಯ್ದು ಹೊಯ್ದು ಆರಿಸಿದರೆ ಗಾಳಿ ಮರಳಿ ಸೇರಿ ರುಚಿ ಬರುತ್ತದೆ. ಉಳಿದ ಮೂರರ ವಿಷಯದಲ್ಲಿ ಅಭಿಪ್ರಾಯ ಒಡೆಯಿತು. ಪಟ್ಟಣದ ಕೊಳವೆಬಾವಿಯ ನೀರು ಕುಡಿದು ಬೆಳೆದವರಿಗೆ ಹೊಸ ನೀರು ಹಿತವೆನಿಸಿತು. ಗುಡ್ಡದ ತಪ್ಪಲಿನವರಿಗೆ ಅದು "ತುಸು ಭಾರ" ಎನಿಸಿ ಸುರಂಗದ ನೀರೇ ಹಿಡಿಸಿತು. ವಿಜ್ಞಾನದ ಅಧ್ಯಾಪಕರು ಕರಗಿದ ಲವಣವನ್ನು ಅಳೆಯುವ ಪುಟ್ಟ ಮಾಪಕವನ್ನು ಅದ್ದಿ ನೋಡಿದಾಗ ಸಂಗತಿ ತಿಳಿಯಿತು. ಮುರಕಲ್ಲಿನ ಗುಡ್ಡದಿಂದ ಒಸರುವ ಸುರಂಗದ ನೀರಿನಲ್ಲಿ ಲವಣ ಐವತ್ತಕ್ಕಿಂತ ಕಡಮೆ; ಹೊಸ ನೀರಿನಲ್ಲಿ ಅದರ ನಾಲ್ಕೈದು ಪಟ್ಟು. ಸುಣ್ಣದಂಶವೂ ಮೆಗ್ನೀಷಿಯಮ್ಮೂ ನೀರಿಗೆ ಮೈಯನ್ನು ಕೊಡುತ್ತವೆ. ಅವಿಲ್ಲದ ನೀರು ಹಗುರ. ಹೀಗೆ ನಾಲಿಗೆ ತಾನು ಪಳಗಿದ ನೀರನ್ನೇ ಉತ್ತಮವೆನ್ನುತ್ತದೆ. ಹೊಸ ನೀರು ಕೆಟ್ಟದ್ದೆಂದು ಯಾರೂ ಹೇಳಲಿಲ್ಲ, ಸ್ವಚ್ಛವಾಗಿತ್ತು, ವಾಸನೆಯಿರಲಿಲ್ಲ. ಆದರೆ ಇದೇ 120 ರೂಪಾಯಿಯದೆಂದು ಖಚಿತವಾಗಿ ಬೆರಳಿಟ್ಟು ತೋರಿಸಿದವರು ಒಬ್ಬರೂ ಇಲ್ಲ.

ಈ ಪರೀಕ್ಷೆಯಿಂದ ಕಲಿಯತಕ್ಕ ಪಾಠ ಇನ್ನೊಂದಿದೆ. ನಾಲಿಗೆ ಹೇಳುವುದು ರುಚಿಯನ್ನು ಮಾತ್ರ. ಕಾಮಾಲೆಯ ವಿಷಾಣುವಾಗಲಿ, ವಿಷಮಶೀತಜ್ವರದ ಕ್ರಿಮಿಯಾಗಲಿ, ಕೀಟನಾಶಕದ ಲೇಶವಾಗಲಿ ನಾಲಿಗೆಗೆ ತಿಳಿಯುವುದಿಲ್ಲ. ರುಚಿಯಾದ ನೀರೆಲ್ಲ ಶುದ್ಧವಲ್ಲ. ಶುದ್ಧವಾದ ನೀರೆಲ್ಲ ರುಚಿಯಲ್ಲ.

ಗುಡ್ಡದ ನೀರೆಂಬ ನಂಬಿಕೆ

ಸುರಂಗವೆಂಬುದು ನಮ್ಮ ಸೀಮೆಯ ವಿಶೇಷ. ಕಾಸರಗೋಡಿನ ಒಳನಾಡಿನಲ್ಲಿಯೂ ಅದಕ್ಕೆ ತಾಗಿದ ದಕ್ಷಿಣ ಕನ್ನಡದ ಗ್ರಾಮಗಳಲ್ಲಿಯೂ ಮುರಕಲ್ಲಿನ ಗುಡ್ಡದ ಮಗ್ಗುಲಿಗೆ ಒಬ್ಬ ಮನುಷ್ಯ ಹೊಕ್ಕು ನಡೆಯುವಷ್ಟೇ ಅಗಲದ ಬಿಲವನ್ನು ಅಡ್ಡಲಾಗಿ ಕೊರೆಯುತ್ತಾರೆ. ನೀರು ಕಂಡಲ್ಲಿಗೆ ನಿಲ್ಲಿಸುತ್ತಾರೆ. ಹಗ್ಗ ಬೇಡ, ರಾಟೆ ಬೇಡ, ವಿದ್ಯುತ್ತು ಬೇಡ. ಒಸರಿದ ನೀರು ತಾನಾಗಿ ಹರಿದು ಅಂಗಳದ ತೊಟ್ಟಿಗೂ ತೋಟದ ಕೆರೆಗೂ ಬರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬಿದ್ದರೂ ಇಳಿಜಾರಿನಲ್ಲಿ ಓಡಿಹೋಗುವ ನೀರನ್ನು ಗುಡ್ಡದ ಹೊಟ್ಟೆಯಿಂದ ಮರಳಿ ಪಡೆಯುವ ಜಾಣ್ಮೆ ಇದು. ಹೊರನಾಡಿನ ಕಂಪನಿ ಚೀಟಿಯ ಮೇಲೆ ವರ್ಣಿಸುವ "ಗುಡ್ಡದ ಗರ್ಭದಿಂದ ತಾನಾಗಿ ಚಿಮ್ಮಿದ ನೀರು" ನಮ್ಮಲ್ಲಿ ಅನೇಕರಿಗೆ ಹಿತ್ತಿಲಿನ ಸಂಗತಿ.

ಆದರೂ ಗುಡ್ಡದ ನೀರೆಂದ ಮಾತ್ರಕ್ಕೆ ಕಣ್ಣುಮುಚ್ಚಿ ಕುಡಿಯಬಹುದೆಂದು ಈ ಸೀಮೆಯವರು ಹೇಳಲಾಗದು. ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಲದಲ್ಲಿ, ಎಣ್ಮಕಜೆಯ ಪಡ್ರೆ ಗ್ರಾಮದ ಜನ ಕುಡಿಯುತ್ತಿದ್ದುದು ಗುಡ್ಡದಿಂದ ಇಳಿದ ನೀರನ್ನೇ. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2001ರಲ್ಲಿ ಅಲ್ಲಿಯ ನೀರು, ಮಣ್ಣು, ಜನರ ರಕ್ತ ಮೊದಲಾದವುಗಳನ್ನು ಪರೀಕ್ಷಿಸಿದಾಗ ಆ ವಿಷದ ಅಂಶ ಕಂಡುಬಂದಿತು. 2011ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ಬಳಕೆಯನ್ನು ತಡೆಯಿತು. ನೋವು ಮಾತ್ರ ಅಂದಿಗೆ ಮುಗಿಯಲಿಲ್ಲ. ಅದರ ಫಲವನ್ನುಂಡ ಮನೆಗಳು ಇಂದಿಗೂ ನಮ್ಮ ನಡುವೆ ಇವೆ.

ಹಾಗಾದರೆ ಕುಪ್ಪಿಯ ನೀರು ಈ ಭಯದಿಂದ ಮುಕ್ತವೇ? ಅದೇ ಸಂಸ್ಥೆಯು 2003ರ ಫೆಬ್ರವರಿಯಲ್ಲಿ ದಿಲ್ಲಿ ಮತ್ತು ಮುಂಬಯಿಗಳಲ್ಲಿ ಮಾರಾಟವಾಗುತ್ತಿದ್ದ ಕುಪ್ಪಿಯ ನೀರನ್ನು ಪರೀಕ್ಷಿಸಿ, ಬಹುತೇಕ ಎಲ್ಲ ಹೆಸರುಗಳಲ್ಲಿಯೂ ಕೀಟನಾಶಕದ ಲೇಶವನ್ನು ತೋರಿಸಿಕೊಟ್ಟಿತು. ಆ ವರದಿಯ ಫಲವಾಗಿ ಯಾವ ಒಂದು ಕೀಟನಾಶಕವೂ ಲೀಟರಿಗೆ 0.0001 ಮಿಲಿಗ್ರಾಮನ್ನು ಮೀರಬಾರದೆಂಬ ಬಿಗಿಯಾದ ಮಿತಿ 2004ರಿಂದ ಜಾರಿಗೆ ಬಂದಿತು. ಅಂತು, ಗುಡ್ಡದ ನೀರಾಗಲಿ ಕುಪ್ಪಿಯ ನೀರಾಗಲಿ ಪರೀಕ್ಷೆಯಿಲ್ಲದೆ ಪವಿತ್ರವಲ್ಲ.

ಹೇಳಿಕೆಗಳ ಸತ್ಯಾಸತ್ಯ

ಶ್ರೇಷ್ಠ ದರ್ಜೆಯ ನೀರಿನ ಮಾರಾಟಗಾರರು ಕೆಲವು ಗುಣಗಳನ್ನು ಸಾರುತ್ತಾರೆ. ಕ್ಷಾರಗುಣದ ನೀರು ದೇಹದ ಆಮ್ಲವನ್ನು ಕಳೆಯುತ್ತದೆಂಬುದು ಒಂದು. ಕುಡಿದ ನೀರು ಮೊದಲು ಸೇರುವುದು ಜಠರವನ್ನು. ಅಲ್ಲಿಯ ಪ್ರಬಲವಾದ ಆಮ್ಲದ ಮುಂದೆ ಈ ಅಲ್ಪ ಕ್ಷಾರ ನಿಲ್ಲದು. ರಕ್ತದ ಆಮ್ಲಕ್ಷಾರ ಪ್ರಮಾಣವನ್ನು ಶ್ವಾಸಕೋಶಗಳೂ ಮೂತ್ರಪಿಂಡಗಳೂ 7.35ರಿಂದ 7.45ರ ಕಿರಿದಾದ ಪಟ್ಟಿಯಲ್ಲಿ ಕಾಯ್ದುಕೊಳ್ಳುತ್ತವೆ. ಕುಪ್ಪಿಯ ಸಹಾಯ ಅವಕ್ಕೆ ಬೇಕಿಲ್ಲ. ಆಮ್ಲಜನಕ ತುಂಬಿದ ನೀರೆಂಬುದು ಇನ್ನೊಂದು. ಮನುಷ್ಯನು ಉಸಿರಾಡುವುದು ಹೊಟ್ಟೆಯಿಂದಲ್ಲ. ಒಂದು ದೀರ್ಘಶ್ವಾಸದಲ್ಲಿ ಬರುವ ಆಮ್ಲಜನಕ ಒಂದು ಕುಪ್ಪಿಯ ನೀರಿನಲ್ಲಿ ಇರಲಾರದು. ಖನಿಜಗಳು ದೇಹಕ್ಕೆ ಒಳ್ಳೆಯವೆಂಬ ಮಾತು ಸುಳ್ಳಲ್ಲ. ಆದರೆ ಒಂದು ಹಿಡಿ ರಾಗಿಯಲ್ಲಿಯೋ ಹರಿವೆ ಸೊಪ್ಪಿನಲ್ಲಿಯೋ ಸಿಗುವ ಸುಣ್ಣದಂಶಕ್ಕೆ ಈ ಬೆಲೆಯನ್ನು ತೆರಬೇಕಾದುದಿಲ್ಲ.

ಪ್ಲಾಸ್ಟಿಕ್ ಕುಪ್ಪಿಯ ವಿಷಯದಲ್ಲಿ ಈಚೆಗೆ ಬೇರೊಂದು ಸಂಗತಿ ತಿಳಿದುಬಂದಿದೆ. ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2024ರ ಜನವರಿಯಲ್ಲಿ ಪ್ರಕಟಿಸಿದ ಪ್ರಕಾರ, ಅವರು ಪರೀಕ್ಷಿಸಿದ ಕುಪ್ಪಿಯ ನೀರಿನ ಒಂದು ಲೀಟರಿನಲ್ಲಿ ಸರಾಸರಿ ಸುಮಾರು 2,40,000 ಪ್ಲಾಸ್ಟಿಕ್ ಕಣಗಳಿದ್ದವು. ಅವುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಎಟುಕದಷ್ಟು ಚಿಕ್ಕವು. ಗಾಜಿನ ಕುಪ್ಪಿಯ ಪರವಾಗಿ ಹೇಳಬಹುದಾದ ಬಲವಾದ ಮಾತು ಇದೊಂದೇ. ಆದರೆ ಅದು ಗಾಜಿನ ಗುಣವೇ ಹೊರತು ನೀರಿನ ಗುಣವಲ್ಲ.

ಬೆಲೆಯ ಒಳಗುಟ್ಟು

120 ರೂಪಾಯಿಯಲ್ಲಿ ನೀರಿನ ಪಾಲೆಷ್ಟು? ಅತ್ಯಲ್ಪ. ಉಳಿದುದೆಲ್ಲ ಗಾಜು, ಮುಚ್ಚಳ, ಚೀಟಿ, ರಟ್ಟಿನ ಪೆಟ್ಟಿಗೆ, ಸಾಗಾಟ, ಏಜೆಂಟರ ಪಾಲು, ಅಂಗಡಿಯವರ ಪಾಲು, ತೆರಿಗೆ ಮತ್ತು ಜಾಹೀರಾತು. ನೀರು ಭಾರವಾದ ವಸ್ತು. ಅದನ್ನು ಒತ್ತಿ ಕುಗ್ಗಿಸಲಾಗದು, ಒಣಗಿಸಿ ಕಳಿಸಲಾಗದು. ಹನ್ನೆರಡು ಕುಪ್ಪಿಗಳ ಪೆಟ್ಟಿಗೆಯಲ್ಲಿ 9 ಕಿಲೋಗ್ರಾಮ್ ನೀರಿದ್ದರೆ ಗಾಜೇ ಅದರ ಅರ್ಧಕ್ಕಿಂತ ಹೆಚ್ಚು ತೂಗುತ್ತದೆ. ಹಿಮಾಲಯದ ತಪ್ಪಲಿನಿಂದ ನಮ್ಮ ಕಡೆಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಆದುದರಿಂದಲೇ ಸಾಮಾನ್ಯ ಕುಪ್ಪಿಯ ನೀರನ್ನು ಕಂಪನಿಗಳು ಊರೂರಿನ ಸಮೀಪದಲ್ಲೇ ತುಂಬಿಸುತ್ತವೆ. ನೈಸರ್ಗಿಕ ಖನಿಜ ನೀರಿಗೆ ಆ ಸೌಕರ್ಯವಿಲ್ಲ. ಮೂಲವನ್ನು ಬಿಟ್ಟು ಅದು ಬೇರೆಡೆ ಹುಟ್ಟುವಂತಿಲ್ಲ.

2025ರ ಸೆಪ್ಟೆಂಬರ್ 22ರಿಂದ ಕುಪ್ಪಿಯ ನೀರಿನ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿಯಿತು. ರೈಲ್ ನೀರ್ ಲೀಟರಿಗೆ 15 ರೂಪಾಯಿ ಇದ್ದುದು 14 ಆಯಿತು. ಇದು ಶ್ರೇಷ್ಠ ದರ್ಜೆಯ ನೀರಿಗೂ ಅನುಕೂಲವೇ. ಆದರೆ ಅಗ್ಗದ ನೀರು ಇನ್ನೂ ಅಗ್ಗವಾದಾಗ ದುಬಾರಿಯ ನೀರು ತನ್ನ ಬೆಲೆಗೆ ಹೇಳಬೇಕಾದ ಸಮಾಧಾನವೂ ಹೆಚ್ಚುತ್ತದೆ.

ಮಾರುಕಟ್ಟೆಯ ಭವಿಷ್ಯ

ಇನ್ನು ನಮ್ಮ ಹಳೆಯ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಇಂತಹ ನೀರನ್ನು ಕೊಳ್ಳುವವರು ಬಾಯಾರಿದವರಲ್ಲ, ಮರ್ಯಾದೆಯನ್ನು ತೋರಿಸಬೇಕಾದವರು. ದೊಡ್ಡ ಹೋಟೆಲು, ವಿಮಾನ, ಸಮ್ಮೇಳನ, ಶ್ರೀಮಂತರ ಮದುವೆ. ಅಲ್ಲಿ ಕುಪ್ಪಿಯ ಅಂದವೇ ಸರಕು. ಹೋಟೆಲಿನವರು ಕುಪ್ಪಿಯ ನೀರನ್ನು ಅದರ ಮೇಲೆ ಮುದ್ರಿಸಿದ ಬೆಲೆಗಿಂತ ಹೆಚ್ಚಿಗೆ ಮಾರುವುದಕ್ಕೆ ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರಿನಲ್ಲಿ ತೀರ್ಪಿತ್ತಿತು; ಬಡಿಸುವ ಸೇವೆಯೂ ಬೆಲೆಯಲ್ಲಿ ಸೇರಿದೆಯೆಂಬುದು ಅದರ ತಾತ್ಪರ್ಯ. ಹೀಗಾಗಿ ಹೋಟೆಲಿಗೆ ಲಾಭವುಂಟು. ಬೀದಿಯ ಅಂಗಡಿಗೆ ಆ ಸ್ವಾತಂತ್ರ್ಯವಿಲ್ಲ.

ಹೊಸ ಹೆಸರೊಂದು ನಿಲ್ಲುವುದೂ ಬೀಳುವುದೂ ನಂಬಿಕೆಯ ಮೇಲೆ. ಇದಕ್ಕೆ ಪರದೇಶದ ಮೂರು ಉದಾಹರಣೆಗಳು ಸಾಕು. 1977ರಲ್ಲಿ ಪೆರಿಯೇ ನೀರು ಅಮೇರಿಕೆಯಲ್ಲಿ ಭಾರಿ ಜಾಹೀರಾತಿನಿಂದ ಮನೆಮಾತಾಯಿತು. 1990ರಲ್ಲಿ ಅದರಲ್ಲಿ ಬೆಂಜೀನ್ ಎಂಬ ರಾಸಾಯನಿಕದ ಅಂಶ ಕಂಡುಬಂದು ಜಗತ್ತಿನಾದ್ಯಂತ 16 ಕೋಟಿ ಕುಪ್ಪಿಗಳನ್ನು ಹಿಂದೆಗೆದುಕೊಳ್ಳಬೇಕಾಯಿತು. ಸೋಸುವ ಸಾಧನವನ್ನು ಸಕಾಲದಲ್ಲಿ ಬದಲಿಸದಿದ್ದುದೇ ಕಾರಣ. 2004ರ ಫೆಬ್ರವರಿಯಲ್ಲಿ ಕೋಕಾ ಕೋಲಾದವರು ಇಂಗ್ಲೆಂಡಿನಲ್ಲಿ ದಸಾನಿ ಎಂಬ ನೀರನ್ನು ಮಾರಹೊರಟರು. ಅದು ಸಿಡ್‌ಕಪ್ ಎಂಬ ಊರಿನ ನಲ್ಲಿಯ ನೀರನ್ನೇ ಸಂಸ್ಕರಿಸಿ ತುಂಬಿದುದೆಂದು ಪತ್ರಿಕೆಗಳು ಬಯಲಿಗೆಳೆದವು. ಸಂಸ್ಕರಣದಲ್ಲಿ ಬ್ರೋಮೇಟ್ ಎಂಬ ಹಾನಿಕರ ವಸ್ತು ಉಂಟಾದುದೂ ಗೊತ್ತಾಗಿ, ಮಾರ್ಚಿನಲ್ಲಿ ಸುಮಾರು ಐದು ಲಕ್ಷ ಕುಪ್ಪಿಗಳೊಂದಿಗೆ ವ್ಯಾಪಾರವೇ ಮುಚ್ಚಿತು. 2024ರ ಜನವರಿಯಲ್ಲಿ ನೆಸ್ಲೆ ಸಂಸ್ಥೆಯು ಫ್ರಾನ್ಸಿನ ತನ್ನ ಕೆಲವು ನೈಸರ್ಗಿಕ ಖನಿಜ ನೀರುಗಳಿಗೆ ನಿಯಮವು ಒಪ್ಪದ ಸಂಸ್ಕಾರಗಳನ್ನು ಮಾಡುತ್ತಿದ್ದುದನ್ನು ಒಪ್ಪಿಕೊಂಡಿತು. ಮೂರರಲ್ಲಿಯೂ ಮಾರಿದುದು ನೀರನ್ನಲ್ಲ, ನಂಬಿಕೆಯನ್ನು, ಒಡೆದುದೂ ಅದೇ.

ನಮ್ಮ ದೇಶದಲ್ಲಿಯೂ ಕಾವಲಿನ ಕ್ರಮ ಬದಲಾಗುತ್ತಿದೆ. 2001ರ ಮಾರ್ಚಿನಿಂದ ಕಡ್ಡಾಯವಾಗಿದ್ದ ಐ.ಎಸ್.ಐ. ಮುದ್ರೆಯ ನಿಬಂಧನೆಯನ್ನು 2024ರ ಅಕ್ಟೋಬರಿನಲ್ಲಿ ತೆಗೆಯಲಾಯಿತು. ಮುಂದಿನ ತಿಂಗಳಲ್ಲೇ ಆಹಾರ ಸುರಕ್ಷಾ ಪ್ರಾಧಿಕಾರವು ಕುಪ್ಪಿಯ ನೀರನ್ನು ಹೆಚ್ಚಿನ ಅಪಾಯದ ಆಹಾರಗಳ ವರ್ಗಕ್ಕೆ ಸೇರಿಸಿ ವರ್ಷಂಪ್ರತಿ ತಪಾಸಣೆ ನಡೆಯಬೇಕೆಂದು ವಿಧಿಸಿತು. ಕುಪ್ಪಿಯೆಂಬ ರೂಪಕ್ಕೂ ಎದುರಾಳಿಗಳು ಹುಟ್ಟಿದ್ದಾರೆ. ನಮ್ಮ ನೆರೆಯ ನೀಲಗಿರಿ ಜಿಲ್ಲೆಯಲ್ಲಿ 2019ರಲ್ಲಿ ಸಣ್ಣ ಪ್ಲಾಸ್ಟಿಕ್ ಕುಪ್ಪಿಗಳ ನೀರನ್ನು ನಿಷೇಧಿಸಿ, ದಾರಿಯಲ್ಲಿ ನಾಣ್ಯ ಹಾಕಿ ನೀರು ಪಡೆಯುವ ಯಂತ್ರಗಳನ್ನಿಟ್ಟರು. ಸಿಕ್ಕಿಂ ರಾಜ್ಯವು 2022ರ ಜನವರಿ 1ರಿಂದ ಕುಪ್ಪಿಯ ನೀರನ್ನೇ ನಿಷೇಧಿಸಿತು. ಗಾಜಿನ ಕುಪ್ಪಿಗೆ ಇದರಿಂದ ಒಂದು ಅವಕಾಶವುಂಟು. ಖಾಲಿ ಕುಪ್ಪಿಯನ್ನು ಮರಳಿ ಪಡೆದು ತೊಳೆದು ತುಂಬುವ ಏರ್ಪಾಡಿದ್ದರೆ ಮಾತ್ರ. ದೂರದ ಮೂಲದ ನೀರಿಗೆ ಅದು ಸಾಧ್ಯವಾಗದು. ಖಾಲಿ ಗಾಜು ಹಿಮಾಲಯಕ್ಕೆ ಮರಳಿ ಹೋಗಲಾರದು.

ನಮ್ಮ ಜಿಲ್ಲೆಯ ಮಟ್ಟಿಗೆ ನೋಡಿದರೆ ಬೇಕಲದ ಕಡಲತೀರದ ದೊಡ್ಡ ಹೋಟೆಲುಗಳೂ ಸಿರಿವಂತರ ಮದುವೆಗಳೂ ಇವೆ. ಆದರೆ ಅಂತಹ ಹೋಟೆಲುಗಳು ಬಹುಮಟ್ಟಿಗೆ ಕಂಪನಿಗಳಿಂದ ನೇರವಾಗಿ ತರಿಸುತ್ತವೆ. ಮದುವೆಗಳಿಗೆ ಕಾಲವುಂಟು; ವರ್ಷದ ಅರ್ಧ ನಮ್ಮಲ್ಲಿ ಮಳೆ. ಊಟದ ಹೋಟೆಲುಗಳಲ್ಲಿ ಜೀರಿಗೆಯನ್ನೋ ಲಾವಂಚವನ್ನೋ ಹಾಕಿ ಕುದಿಸಿದ ನೀರನ್ನು ಬೆಲೆಯಿಲ್ಲದೆ ಕೊಡುವ ಪದ್ಧತಿ ಈ ಕರಾವಳಿಯಲ್ಲಿ ಇನ್ನೂ ಗಟ್ಟಿಯಾಗಿದೆ. ಬೇಸಗೆಯಲ್ಲಿ ಪಯಸ್ವಿನಿಗೆ ಕಡಲಿನ ಉಪ್ಪು ಏರಿ ಪಟ್ಟಣದ ನಲ್ಲಿಯ ನೀರು ಬಾಯಿಗಿಡಲಾಗದಂತಿದ್ದ ವರ್ಷಗಳಲ್ಲಿಯೂ ಜನ ಕೊಂಡುದು ಅಗ್ಗದ ನೀರನ್ನು, ಟ್ಯಾಂಕರಿನ ನೀರನ್ನು, ಗಾಜಿನ ಕುಪ್ಪಿಯನ್ನಲ್ಲ. ಒಡೆದ ಕುಪ್ಪಿಯ ನಷ್ಟವೂ ಸಾಲ ಹೇಳಿದವರ ಬಾಕಿಯೂ ಏಜೆಂಟರ ತಲೆಗೇ ಬರುತ್ತವೆ.

ಆದುದರಿಂದ ಅವರಿಗೆ ನಾವು ಹೇಳಿದುದಿಷ್ಟು: ಈ ವ್ಯಾಪಾರ ದೇಶದಲ್ಲಿ ಬೆಳೆಯಬಹುದು, ಸಾಮಾನ್ಯ ಕುಪ್ಪಿ ಎಲ್ಲರ ಕೈಗೂ ಬಂದಮೇಲೆ ಮೇಲಿನವರು ಬೇರೆ ಗುರುತನ್ನು ಹುಡುಕುವುದು ಲೋಕರೂಢಿ. ಆದರೆ ಬೆಳೆಯುವ ಮಾರುಕಟ್ಟೆಯಲ್ಲಿ ಪ್ರತಿಯೊಬ್ಬನೂ ಬೆಳೆಯುತ್ತಾನೆಂಬ ನಿಯಮವಿಲ್ಲ. ಠೇವಣಿ ಕೊಡುವ ಮೊದಲು ಮೂರು ಉತ್ತರಗಳನ್ನು ಬರಹದಲ್ಲಿ ಪಡೆಯಬೇಕು. ಮಾರಾಟವಾಗದ ಸರಕನ್ನು ಕಂಪನಿ ಮರಳಿ ಪಡೆಯುವುದೇ? ಹೋಟೆಲುಗಳಿಗೆ ನೇರವಾಗಿ ಮಾರುವ ಹಕ್ಕನ್ನು ಯಾರು ಇಟ್ಟುಕೊಂಡಿದ್ದಾರೆ? ಪ್ರತಿಯೊಂದು ಸಲ ತುಂಬಿದ ನೀರಿನ ಪರೀಕ್ಷಾವರದಿಯನ್ನು ಕೊಡುವರೇ? ಈ ಮೂರಕ್ಕೂ ತೃಪ್ತಿಕರವಾದ ಉತ್ತರ ಬಾರದಿದ್ದರೆ ಉಳಿತಾಯವನ್ನು ಮುಟ್ಟದಿರುವುದೇ ಲೇಸು.

ಮಕ್ಕಳ ನೀರು

ಎರಡನೆಯ ಪ್ರಶ್ನೆಗೆ ಅಂಕಗಣಿತವೇ ಉತ್ತರ ಹೇಳುತ್ತದೆ. ನೂರು ಮಕ್ಕಳಿಗೆ ದಿನಕ್ಕೆ ಒಂದೊಂದು ಲೀಟರಿನಂತೆ ಇಪ್ಪತ್ತು ರೂಪಾಯಿಯ ನೀರು ಕೊಟ್ಟರೆ ದಿನಕ್ಕೆ 2,000 ರೂಪಾಯಿ. ಶಾಲೆ ನಡೆಯುವ ದಿನಗಳನ್ನು 200 ಎಂದಿಟ್ಟುಕೊಂಡರೆ ವರ್ಷಕ್ಕೆ 4,00,000 ರೂಪಾಯಿ. ಬಿಸ್ಲೇರಿ ಸಂಸ್ಥೆಯನ್ನೇ 1969ರಲ್ಲಿ ಕೊಂಡ ಮೊತ್ತವದು. ಹೊಸ ನೀರನ್ನೇ ಕೊಡುವುದಾದರೆ 32 ಲಕ್ಷ. ದೊಡ್ಡ ಕ್ಯಾನಿನ ನೀರು ಅಗ್ಗವೆನ್ನಬಹುದು. ಆದರೆ ಪ್ರತಿ ಕ್ಯಾನನ್ನೂ ಯಾರು ತೊಳೆದರು, ಎಲ್ಲಿ ತುಂಬಿದರು ಎಂಬುದನ್ನು ನೋಡುವ ಕಣ್ಣು ನಮಗಿಲ್ಲ. ಬಾವಿ ನಮ್ಮ ಕಣ್ಣಮುಂದೆಯೇ ಇದೆ.

ಬಾವಿಯ ನೀರನ್ನು ನಂಬಲಾಗದೆಂಬ ಹಿತೈಷಿಗಳ ಭಯ ನಿರಾಧಾರವಲ್ಲ. ತೆರೆದ ಬಾವಿಗಳಲ್ಲಿ ಮಲಿನತೆಯ ಸೂಚಕವಾದ ಕೋಲಿಫಾರಂ ಕ್ರಿಮಿಗಳು ಕಾಣಿಸುವುದು ಕೇರಳದಲ್ಲಿ ಸಾಮಾನ್ಯ. ಶೌಚದ ಗುಂಡಿ ಸಮೀಪವಿದ್ದಲ್ಲಿ ಮಳೆಗಾಲದಲ್ಲಿ ಅದು ಹೆಚ್ಚುತ್ತದೆ. ಮುರಕಲ್ಲಿನ ನೆಲದ ನೀರು ಸ್ವಲ್ಪ ಆಮ್ಲಗುಣದ್ದು. ಕೆಲವೆಡೆ ಕಬ್ಬಿಣದ ಅಂಶವೂ ಇರುತ್ತದೆ. ಆದರೆ ಇವೆಲ್ಲಕ್ಕೂ ಪರಿಹಾರವುಂಟು, ಅದು ದುಬಾರಿಯೂ ಅಲ್ಲ. ಬಾವಿಗೆ ಎತ್ತರದ ಕಟ್ಟೆ, ಸುತ್ತಲೂ ನೀರು ಇಂಗದ ನೆಲಗಟ್ಟು, ಮೇಲೆ ಬಲೆ. ವರ್ಷಕ್ಕೆ ಎರಡು ಬಾರಿ, ಮಳೆಗೆ ಮೊದಲೊಮ್ಮೆ ಮಳೆಯ ಅನಂತರವೊಮ್ಮೆ, ಪ್ರಯೋಗಾಲಯದಲ್ಲಿ ಪರೀಕ್ಷೆ. ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಮಿನಷ್ಟು ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕಲಸಿ, ತಿಳಿಯನ್ನು ಬಾವಿಗೆ ಬೆರೆಸಿ, ಒಂದು ಗಂಟೆಯ ಅನಂತರ ಬಳಕೆ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿದ ಪಾತ್ರೆಯಲ್ಲಿಟ್ಟು, ನಲ್ಲಿಯಿಂದಲೇ ಹಿಡಿಯುವ ಏರ್ಪಾಡು, ಲೋಟವನ್ನು ಅದ್ದುವಂತಿಲ್ಲ. ಒಂದು ವರ್ಷ ಕುಪ್ಪಿಯ ನೀರಿಗೆ ಆಗುವ ವೆಚ್ಚದ ಒಂದು ಸಣ್ಣ ಪಾಲಿನಲ್ಲಿ ಇವಿಷ್ಟೂ ಹಲವು ವರ್ಷಗಳಿಗೆ ಸಾಧ್ಯ.

ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಂದು ಮಾತು. ಪ್ರಯಾಣದಲ್ಲಿಯೂ ಜಾತ್ರೆಯಲ್ಲಿಯೂ ಕುಪ್ಪಿಯ ನೀರನ್ನು ಕೊಳ್ಳಬೇಕಾಗಿ ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಕೊಳ್ಳುವಾಗ ಮುಚ್ಚಳದ ಮುದ್ರೆ ಒಡೆದಿಲ್ಲವಷ್ಟೆ, ತುಂಬಿದ ದಿನವೂ ತಂಡದ ಸಂಖ್ಯೆಯೂ ಇವೆಯೆ, ಹದಿನಾಲ್ಕು ಅಂಕೆಗಳ ಪರವಾನಗಿ ಸಂಖ್ಯೆ ಇದೆಯೆ, ನೀರು ಎರಡು ಜಾತಿಗಳಲ್ಲಿ ಯಾವುದು ಎಂಬ ನಾಲ್ಕನ್ನು ಓದಿ ನೋಡಿರಿ. ಬಿಸಿಲಲ್ಲಿಟ್ಟ ಕುಪ್ಪಿಯನ್ನು ಕೊಳ್ಳಬೇಡಿರಿ. ಕುಡಿದ ಬಳಿಕ ಕುಪ್ಪಿಯನ್ನು ಹೊಳೆಗೆಸೆಯಬೇಡಿರಿ.

ಶಾಲೆಯ ಬಾವಿಗೆ ಬಲೆ ಹೊದಿಸುವುದಕ್ಕೂ ಕಟ್ಟೆಯನ್ನು ಎತ್ತರಿಸುವುದಕ್ಕೂ ಬೇಕಾದ ಅಂದಾಜುಪಟ್ಟಿಯನ್ನು ಸಂಘದ ಕಾರ್ಯಕಾರಿ ಸಮಿತಿಯ ಮುಂದಿಡಲಾಗಿದೆ. ಮಳೆಗಾಲಕ್ಕೆ ಮೊದಲು ಈ ಕೆಲಸ ಆಗತಕ್ಕದ್ದು. ನೀರಿನ ಪರೀಕ್ಷಾವರದಿಯನ್ನು ವರ್ಷಕ್ಕೆ ಎರಡು ಬಾರಿ ಸೂಚನಾಫಲಕದಲ್ಲಿ ಹಚ್ಚುವುದಾಗಿಯೂ, ಮಕ್ಕಳಿಂದಲೇ ಅದನ್ನು ಪ್ರಾರ್ಥನೆಯ ವೇಳೆಯಲ್ಲಿ ಓದಿಸುವುದಾಗಿಯೂ ಅಧ್ಯಾಪಕವರ್ಗ ನಿಶ್ಚಯಿಸಿದೆ. ಹಿತೈಷಿಗಳೂ ಪೋಷಕರೂ ಬಂದು ಆ ವರದಿಯನ್ನು ನೋಡಿ, ಸಂದೇಹವಿದ್ದಲ್ಲಿ ಕೇಳಬೇಕಾಗಿ ಪ್ರಾರ್ಥನೆ.